ಆಯಿ ಒಗೆದ ಬಟ್ಟೆ

ನನ್ನ ಮೊದಲ ಹೆರಿಗೆಯ ಮಾತು ಬಂದಾಗಲೆಲ್ಲ ನನ್ನ ಹೆತ್ತಮ್ಮ ಆಯಿ ಹೇಳುವುದು ಒಂದೇ: "ನಾ ಇದ್ದೆ ಅಂತ ಆಯ್ತು." ಕೇಳಿದವರು ಹೌದು ಹೌದು ಎಂದು ತಲೆಯಾಡಿಸುತ್ತಾರೆ. ನಾನು ಎದ್ದು ಒಳಗೆ ಹೋಗುತ್ತೇನೆ. ಯಾಕೆ ಹೋಗುತ್ತೇನೆಂದು ಇಷ್ಟು ವರ್ಷ ಹೊರಗಿನವರಾರಿಗೂ ಹೇಳಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಗಂಡನ ಮನೆ ಕಾರವಾರದ ಶಿರವಾಡದಲ್ಲಿ, ತವರು ಅಂಕೋಲೆಯ ಕಡಲ ಬದಿಯ ಕೇರಿಯಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಎನ್ನುವುದು ನಮ್ಮಲ್ಲಿ ಯಾರೂ ಕೇಳಿ ತೀರ್ಮಾನಿಸುವ ವಿಷಯವಲ್ಲ. ಏಳು ತಿಂಗಳಾದ ಮೇಲೆ ಆಯಿ ಬಂದು ಕರೆದುಕೊಂಡು ಹೋದಳು. ಅಪ್ಪ ಇರಲಿಲ್ಲ. ಪೇಟೆಯಲ್ಲಿ ಮೀನು ಮಾರಿ ಒಬ್ಬಳೇ ನನ್ನನ್ನು ಸಾಕಿದವಳು ಆಯಿ. ಅವಳು ಹೇಳಿದರೆ ಮುಗಿಯಿತು, ಎರಡನೆಯ ಮಾತು ನನಗೆ ಗೊತ್ತೇ ಇರಲಿಲ್ಲ.

ದಿನ ತುಂಬುತ್ತ ಬಂದಂತೆ ನನ್ನನ್ನು ಬಾವಿಯ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ತುಂಬಿದ ಬಸುರಿ ಕಲ್ಲಿನ ಮೇಲೆ ಬಟ್ಟೆ ಬಡಿದರೆ ಒಳಗಿನ ಮಗು ಬೆಚ್ಚುತ್ತದಂತೆ. ಬೆಳಿಗ್ಗೆ ತಾನೇ ಬಿಸಿನೀರು ಹೊಯ್ದು ಮೀಯಿಸಿ, ಬಿಚ್ಚಿದ ಸೀರೆ ಲಂಗ ಎಲ್ಲ ಬಕೆಟ್ಟಿಗೆ ಹಾಕಿಕೊಂಡು ಹೋಗಿ ಒಗೆದು ಹಾಕುತ್ತಿದ್ದಳು. ಮಹಾರಾಣಿಯ ಹಾಗೆ ಕೂತಿರುತ್ತಿದ್ದೆ. ನನ್ನಷ್ಟು ಸುಖಿ ಯಾರಿದ್ದಾರೆ ಎಂದು ಜಂಬ ಬೇರೆ.

ಆರೋಗ್ಯ ಕೇಂದ್ರದ ಸಿಸ್ಟರ್ ಕೇರಿಗೆ ಬಂದಾಗ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದ್ದರು. ಬೇನೆ ಬಂದು ಬಂದು ಹೋಗುತ್ತದೆ, ಗಡಿಯಾರ ನೋಡಿ. ನಡುವಿನ ಹೊತ್ತು ಕಡಿಮೆಯಾಗುತ್ತ ಬಂದರೆ, ಎದ್ದು ಓಡಾಡಿದರೂ ಮಲಗಿದರೂ ಬಿಡದಿದ್ದರೆ ಅದು ನಿಜವಾದ ಬೇನೆ. ಬಟ್ಟೆಯಲ್ಲಿ ರಕ್ತ ಬೆರೆತ ಲೋಳೆ ಕಂಡರೆ ಹತ್ತಿರ ಬಂತೆಂದು ಲೆಕ್ಕ. ನೀರು ಹೋದರೆ ಮಾತ್ರ ಏನೂ ಕಾಯಬೇಡಿ, ಇದ್ದ ಹಾಗೇ ಆಸ್ಪತ್ರೆಗೆ ಬನ್ನಿ. ನಾನು ಎಲ್ಲವನ್ನೂ ಬಾಯಿಪಾಠ ಮಾಡಿದೆ. ಆಯಿ ಅಡಿಕೆ ಕತ್ತರಿಸುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಸೊಂಟದ ಹಿಂದಿನಿಂದ ಹಿಡಿದು ಹೊಟ್ಟೆಯ ಮುಂದಕ್ಕೆ ಏನೋ ಬಿಗಿದು ಬಂತು. ಬಿಟ್ಟಿತು. ಮಿಂದು ಗಂಜಿ ಉಣ್ಣುವಷ್ಟರಲ್ಲಿ ಮತ್ತೆ ಬಂತು. ಆಯಿ ಆಗಲೇ ಬಕೆಟ್ಟು ಎತ್ತಿಕೊಂಡು ಹೋಗಿ ಬಟ್ಟೆ ಒಗೆದು ಬಂದಿದ್ದಳು. ಹೊಟ್ಟೆಯಾಚೆ ನನ್ನ ಕಾಲೇ ನನಗೆ ಕಾಣುತ್ತಿರಲಿಲ್ಲ, ಬಟ್ಟೆ ಎಲ್ಲಿ ನೋಡಲಿ? ಅವಳನ್ನೇ ಕೇಳಿದೆ.

"ಆಯೀ, ಲಂಗದ ಮೇಲೆ ಏನಾದ್ರೂ ಕಂಡ್ತಾ?"

"ಏನೂ ಇಲ್ಲ ಮಗಾ. ಇದು ಸುಳ್ಳು ಬೇನೆ. ಚೊಚ್ಚಲಲ್ಲಿ ಹೀಂಗೇ, ಬತ್ತದೆ, ಹೋತದೆ."

ಜೀರಿಗೆ ಕಷಾಯ ಕಾಸಿ ಕೊಟ್ಟಳು. ಒಳಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿದಳು. ಅಂದು ಪೇಟೆಗೂ ಹೋಗಲಿಲ್ಲ. ನನಗಾಗಿ ಒಂದು ದಿನದ ವ್ಯಾಪಾರ ಬಿಟ್ಟಳಲ್ಲ ಎಂದು ಕಣ್ಣು ತುಂಬಿ ಬಂದದ್ದು ನೆನಪಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಗಡಿಯಾರ ಇದ್ದದ್ದು ಹೊರಗಿನ ಜಗಲಿಯ ಗೋಡೆಯಲ್ಲಿ. ನನಗೆ ಕಾಣುವುದು ಬಾಗಿಲ ಬಳಿ ಕೂತ ಆಯಿಯ ಮುಖ ಮಾತ್ರ. "ಬಂತು" ಎಂದು ನಾನು ಕೂಗಿದಾಗಲೆಲ್ಲ ಅವಳು ಗಡಿಯಾರದ ಕಡೆ ಕತ್ತೆತ್ತುತ್ತಿದ್ದಳು.

"ಎಷ್ಟಾಯ್ತು ಆಯಿ?"

"ಅದಕ್ಕೂ ಇದಕ್ಕೂ ಇನ್ನೂ ಭಾಳ ದೂರ ಅದೆ. ಮಲ್ಕೋ."

ನನಗೋ ಉಸಿರು ತಿರುಗಿಸಿಕೊಳ್ಳಲೂ ಹೊತ್ತು ಸಿಗುತ್ತಿರಲಿಲ್ಲ. ಆದರೆ ಗಡಿಯಾರ ನೋಡುತ್ತಿರುವವಳು ಅವಳು, ಹಡೆದವಳು ಅವಳು. ನಾನು ನೋವು ತಡೆಯದ ಹೆಣ್ಣು ಎಂದು ನನ್ನನ್ನೇ ಬೈದುಕೊಂಡೆ. ಊಟದ ಹೊತ್ತಿಗೆ ಕಾಲ ಸಂದಿಯಲ್ಲಿ ಬೆಚ್ಚಗೆ ನೀರು ಇಳಿಯಿತು. ಚಾಪೆ ಒದ್ದೆಯಾಯಿತು. "ನೀರು ಹೋಯ್ತು ಆಯಿ, ಸಿಸ್ಟರ್ ಹೇಳಿದ್ರಲ್ಲ" ಎಂದೆ.

"ಉಚ್ಚೆ ಅದು. ಮಗು ಒತ್ತಿದ್ರೆ ಹಾಂಗೇ ಆತದೆ" ಎಂದು ಚಾಪೆ ಬದಲಿಸಿದಳು. ಒದ್ದೆ ಚಾಪೆಯನ್ನು ಆಗಲೇ ಬಾವಿಕಟ್ಟೆಗೆ ಒಯ್ದು ತೊಳೆದಳು. ನನ್ನ ಮೇಲಿನ ಕಕ್ಕುಲಾತಿ ಎಂದುಕೊಂಡೆ.

ಮೂರೂ ಮುಕ್ಕಾಲಿನ ಹೊತ್ತಿಗೆ ಆಯಿ ಒಮ್ಮೆಲೇ ಎದ್ದಳು. "ಏಳು, ಹೋಗ್ವಾ." ರಿಕ್ಷಾ ಕೇರಿಯ ಬಾಯಲ್ಲಿ ಆಗಲೇ ನಿಂತಿತ್ತು. ಇಷ್ಟು ಬೇಗ ರಿಕ್ಷಾ ಎಲ್ಲಿಂದ ಬಂತು ಎಂದು ಕೇಳುವ ಸ್ಥಿತಿ ನನ್ನದಲ್ಲ. ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಒದ್ದೆ ಬಟ್ಟೆ ನೋಡಿದವರೇ ಮುಖ ಬಿಗಿ ಮಾಡಿದರು. ನೀರು ಹಸಿರಾಗಿತ್ತು, ಮಗು ಒಳಗೇ ಹೊಲಸು ಮಾಡಿಕೊಂಡಿತ್ತು. ನೀರು ಹೋದದ್ದು ಯಾವಾಗ ಎಂದು ಕೇಳಿದರು. "ಈಗ್ಲೇ, ಬರ್ತಾ ಬರ್ತಾ" ಎಂದಳು ಆಯಿ. ಹೆದರಿಕೆಯಲ್ಲಿ ಗೊಂದಲವಾಗಿದೆ ಪಾಪ ಎಂದುಕೊಂಡೆ. ಅವಸರದಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು.

ಹೆಣ್ಣು ಮಗು. ಅಳಲಿಲ್ಲ. ಬಹಳ ಹೊತ್ತಿನ ಮೇಲೆ ಸಣ್ಣಗೆ ಕೀಚಲು ದನಿಯೊಂದು ಬಂತಂತೆ, ನನಗೆ ಕೇಳಿಸಲಿಲ್ಲ. ಉಸಿರು ಸರಿ ಇಲ್ಲವೆಂದು ಗಾಜಿನ ಪೆಟ್ಟಿಗೆಯಲ್ಲಿ ಇಡಲು ಕಾರವಾರಕ್ಕೆ ಒಯ್ದರು. ಸುದ್ದಿ ತಿಳಿದು ಶಿರವಾಡದಿಂದ ಬಂದಿದ್ದ ನನ್ನ ಗಂಡ ಜೊತೆಗೆ ಹೋದರು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಾನು ಅಂಕೋಲೆಯಲ್ಲೇ ಉಳಿದೆ. ಆರು ದಿನ. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಯಿತು, ಹಿಂಡಿ ಚೆಲ್ಲಿದೆ. ಮಗುವಿನ ಮುಖ ಹೇಗಿದೆ ಎಂದು ಕೂಡ ನೋಡಿರಲಿಲ್ಲ, ಬದುಕುತ್ತದೋ ಇಲ್ಲವೋ ಎಂದು ಹೇಳುವವರಿರಲಿಲ್ಲ. ಆ ಆರು ದಿನವೂ ನಾನು ಅತ್ತದ್ದು ಆಯಿಯ ಮಡಿಲಲ್ಲಿ. ಅವಳು ನನ್ನ ತಲೆ ಸವರುತ್ತಿದ್ದಳು.

ಮಗು ಬದುಕಿತು. ಏಳನೆಯ ದಿನ ತಂದು ನನ್ನ ಪಕ್ಕ ಮಲಗಿಸಿದರು.

ಅದಾಗಿ ಹದಿನೈದು ದಿನವಿರಬಹುದು. ಬಾಳಂತಿ ಕೋಣೆಯಲ್ಲಿ ಮಗುವಿಗೆ ಹಾಲೂಡುತ್ತಿದ್ದೆ. ಜಗಲಿಯಲ್ಲಿ ಆಯಿ ನೆರೆಮನೆಯವಳೊಡನೆ ಮಾತಾಡುತ್ತಿದ್ದಳು. ಕೇಳಿಸದೇ ಇರಲು ನಡುವೆ ಇದ್ದದ್ದು ಒಂದು ಪರದೆ ಮಾತ್ರ.

"ಬೆಳಿಗ್ಗೇನೇ ಲಂಗದ ಮೇಲೆ ಕಂಡಿತ್ತೆ. ನಾ ಬಾಯೇ ಬಿಡ್ಲಿಲ್ಲ. ಅಮಾಸೆ ಮೂರೂವರೆ ತನಕ ಅದೆ ಅಂತ ಅಂಗ್ಡಿಯವರ ಹತ್ರ ಕ್ಯಾಲೆಂಡರ್ ಓದಿಸ್ಕಂಡು ಬಂದಿದ್ದೆ. ಆಸ್ಪತ್ರೆಗೆ ಹೋದ್ರೆ ಅವರು ಕಾಯ್ತಾರ? ಕೊಯ್ದು ತೆಗೀತಾರೆ. ಈಗ ನೋಡು, ಪಾಡ್ಯದ ಮಗು!"

ಎಷ್ಟು ಹೆಮ್ಮೆ ಆ ದನಿಯಲ್ಲಿ! ನನ್ನ ನೋವು ಲೆಕ್ಕ ಹಾಕಲು ನೋಡುತ್ತಿದ್ದಾಳೆ ಎಂದು ನಾನು ನಂಬಿದ್ದ ಗಡಿಯಾರದಲ್ಲಿ ಅವಳು ಅಮಾವಾಸ್ಯೆ ಮುಗಿಯುವುದನ್ನು ಕಾಯುತ್ತಿದ್ದಳು. ರಕ್ತದ ಕಲೆ ಒಗೆದು ಹಗ್ಗದ ಮೇಲೆ ಹರವಿ ಬಂದು ಏನೂ ಇಲ್ಲ ಮಗಾ ಎಂದಿದ್ದಳು.

ನೆರೆಯವಳು ಹೋದ ಮೇಲೆ ಕರೆದು ಕೇಳಿದೆ. ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ. "ಅಮಾಸೆ ಹುಡ್ಗಿ ಅಂತ ನಿನ್ನ ಗಂಡನ ಮನೇರು ಜನ್ಮ ಪೂರ್ತಿ ಆಡ್ಕಳ್ತಿದ್ರು. ನಿನ್ನ ಒಳ್ಳೇದಕ್ಕೇ ಮಾಡ್ದೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸತ್ತು ಹೋಗಿದ್ರೆ?"

"ಸಾಯ್ಲಿಲ್ಲಲ್ಲ" ಎಂದಳು.

ತಡವಾದದ್ದಕ್ಕೇ ಹಾಗಾಯಿತೆಂದು ಡಾಕ್ಟರು ಹೇಳಿರಲಿಲ್ಲ. ನೀರು ಹೋದ ಕೂಡಲೇ ಬರಬೇಕಿತ್ತು ಎಂದಷ್ಟೇ ಹೇಳಿದ್ದರು. ಅಂದಹಾಗೆ, ಶಿರವಾಡದಿಂದ ನನ್ನ ಅತ್ತೆ ಬಂದು ಮಗುವನ್ನು ಎತ್ತಿಕೊಂಡು ಮೊದಲು ಕೇಳಿದ್ದು ಹಾಲು ಸರಿಯಾಗಿ ಕುಡೀತದಾ ಎಂದು. ತಿಥಿಯ ಸುದ್ದಿ ಅವರು ಅಂದೂ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ.

ಎರಡನೆಯ ಬಸಿರಿನಲ್ಲಿ ನಾನು ತವರಿಗೆ ಹೋಗಲಿಲ್ಲ. ಹೋಗದಿದ್ದರೆ ಆಯಿ ಬಿಟ್ಟಾಳೆಯೇ? ಕಾಯಿ, ಅವಲಕ್ಕಿ ಕಟ್ಟಿಕೊಂಡು ತಾನೇ ಶಿರವಾಡಕ್ಕೆ ಬಂದಿಳಿದಳು. ಮಾರನೆಯ ಬೆಳಿಗ್ಗೆ ನಾನು ಮಿಂದು ಹೊರಬರುವಾಗ ಬಚ್ಚಲ ಬಾಗಿಲಲ್ಲೇ ಕಾದು ನಿಂತಿದ್ದಳು, ಬಕೆಟ್ಟಿಗೆ ಕೈ ಚಾಚಿ. "ಕೊಡು ಮಗಾ, ಬಗ್ಬೇಡ."

ಅವಳ ಕೈ ಹಾಗೇ ಚಾಚಿಕೊಂಡಿತ್ತು. ನಾನು ಬದಿಗೆ ಸರಿದು, ಬಾವಿಕಟ್ಟೆಗೆ ಹೋಗಿ, ಲಂಗವನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿ, ನಾನೇ ಒಗೆದೆ.