ಹುಳಕ್ಕೆ ಬಿಟ್ಟ ನಾಲ್ಕು ಸಾಲು

ಚಂದಪ್ಪನ ಹೆಸರನ್ನು ನಾನು ಮೊದಲು ಕೇಳಿದ್ದು ಬೈಗುಳದ ಜೊತೆಗೇ. ನಮ್ಮ ಹೊಲದ ಬದುವಿನ ಆಚೆ ಜಗದೇವಪ್ಪನ ಹೊಲ. ಅವತ್ತು ಅವನು ಬದುವಿನ ಮೇಲೆ ನಿಂತು ಕೂಗಾಡುತ್ತಿದ್ದ.

"ಜೇವರ್ಗಿ ಕಡಿಂದ ಎಣ್ಣಿ ಹೊಡ್ಯಾಂವ ಬಂದಾನಂತ, ಚಂದಪ್ಪ ಅಂತ! ನಾಕು ಸಾಲು ಹುಳಕ್ಕ ಬಿಡ್ರಿ ಅಂತಾನ. ಹುಳ ಏನ್ ಇವನ ಬೀಗರೇನ್?"

ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮಲ್ಲಿ ಎಣ್ಣೆ ಎನ್ನುತ್ತಾರೆ. ಆ ವರ್ಷ ನನ್ನ ತೊಗರಿ ಕಾಯಿಗೂ ಹಸಿರು ಹುಳ ತಲೆ ತೂರಿಸಿತ್ತು. ಎರಡು ಸಲ ಹೊಡೆಸಿದರೂ ಸಾಯಲಿಲ್ಲ. ಗಂಡ ತೀರಿಕೊಂಡ ಮೇಲೆ ನನ್ನ ವರ್ಷದ ಅನ್ನ ಆ ತೊಗರಿಯಲ್ಲೇ. ಬೇರೆ ಯಾರೂ ಸಿಗದೆ ಆ ಚಂದಪ್ಪನಿಗೇ ಹೇಳಿಕಳಿಸಿದೆ.

ಬಂದವನು ಬೆನ್ನಿನ ಪಂಪು ಇಳಿಸಿ ಮೊದಲು ಚಹಾ ಕೇಳಿದ. ಬಡಕಲು ಮೈ, ಬಾಯಿ ತುಂಬ ನಗು. ಚಹಾಕ್ಕೆ ಸಕ್ಕರೆ ಮಾತ್ರ ಪಾಯಸಕ್ಕೆ ಹಾಕಿದಷ್ಟು ಬೇಕು.

"ಎಣ್ಣಿ ಕುಡದ್ ಕುಡದ್ ಹುಳಕ್ಕ ರೂಢಿ ಆಗ್ಯಾದ, ಹೌದಲ್ಲೋ? ಶೆರೆ ಕುಡ್ಯಾವ್ರಿಗಿ ಆದಂಗ," ಎಂದೆ.

"ನಾನೂ ಹಂಗೇ ತಿಳದಿದ್ದೆ ಯಕ್ಕಾ. ಮಗಳು ಶಿವಕಾಂತಾ ಕಾಲೇಜಿನಾಗ ಕಲ್ತು ಬಂದು ನನಗೇ ಬೈದಳು." ಅಂಗಳದಲ್ಲಿ ಕೆದರುತ್ತಿದ್ದ ನನ್ನ ಕೋಳಿಗಳನ್ನು ತೋರಿಸಿದ. "ಎಲ್ಲಾ ಮಣ್ಣಿನ ಬಣ್ಣದವೇ ಅವ. ಬಿಳೀವು ಇದ್ದಿಲ್ಲೇನು?"

"ಇದ್ದವು. ಹದ್ದು ಒಯ್ತು."

"ಮತ್ತ ಬಿಳೀವು ಹದ್ದಿಗಿ ಅಂಜಿ ಮೈಗೆ ಮಣ್ಣಿನ ಬಣ್ಣ ಬಳಕೊಂಡಿಲ್ಲಲ್ಲ!"

ನನಗೆ ನಗು ಬಂತು. "ಹುಚ್ಚಾ, ಬಿಳೀವು ಸತ್ವು. ಮಣ್ಣಿನ ಬಣ್ಣದವು ಕಣ್ಣಿಗಿ ಬೀಳಲಿಲ್ಲ, ಉಳದು ಮರಿ ಮಾಡಿದ್ವು."

"ಅಷ್ಟೇ ಕಥಿ. ಎಣ್ಣಿ ತಡಿಯೋ ಶಕ್ತಿ ಯಾವ ಹುಳಕ್ಕ ಹುಟ್ತಾನೇ ಇತ್ತೋ ಅದು ಉಳೀತು. ಈಗಿರೋವು ಅದರ ಮಕ್ಕಳು, ಮೊಮ್ಮಕ್ಕಳು. ಇಷ್ಟು ವರ್ಷ ಹದ್ದು ಆಗಿದ್ದವ ನಾನೇ ಯಕ್ಕಾ."

ಆ ಸಲ ಅವನು ಎಣ್ಣೆ ಹೊಡೆಯಲೇ ಇಲ್ಲ. ನನ್ನ ಹಳೇ ಚಾದರ ಗಿಡದ ಬುಡಕ್ಕೆ ಹಾಸಿ, ಗಿಡ ಹಿಡಿದು ಅಲ್ಲಾಡಿಸಿದ. ಉದುರಿದ ಹುಳ ಕೋಳಿಗಳಿಗೆ ಹಬ್ಬ. ಅರ್ಧ ಬೆಳೆಯಾದರೂ ಕೈಗೆ ಬಂತು.

ಮರುವರ್ಷ ಬೇರೆ ಎಣ್ಣೆ ತಂದ. ಒಂದೇ ಸಲ ಹೊಡೆದು, ಬೇವಿನ ಮರದ ಕಡೆ ನಾಲ್ಕು ಸಾಲು ಹಾಗೇ ಬಿಟ್ಟ. ನಾನು ಓಡಿಹೋಗಿ ಅವನ ಪಂಪು ಹಿಡಿದುಕೊಂಡೆ.

"ನನ್ನ ಅನ್ನ ಹುಳಕ್ಕ ಹಾಕ್ತೀಯೇನೋ ಭಾಡ್ಯಾ?"

"ಎಳ್ಳಮಾಸಿಗಿ ಚರಗ ಚೆಲ್ಲಲ್ಲೇನು?"

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ದಿನ ನಾವು ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದೇ ಚರಗ. ಭೂಮಿತಾಯಿಗೂ ಹುಳಹುಪ್ಪಡಿಗೂ ಪಾಲು.

"ಇದೂ ಚರಗ ಅನ್ಕೋ. ಎಣ್ಣಿಗಿ ಸಾಯೋ ಮೆತ್ತನ್ ಹುಳ ಅಲ್ಲಿ ಉಳದು, ಗಟ್ಟಿ ಹುಳದ ಜೋಡಿ ಬೀಗತನ ಮಾಡಬೇಕು. ಅಂದ್ರ ಅವುಗಳ ಮಕ್ಕಳಿಗಿ ಎಣ್ಣಿ ನಾಟ್ತದ. ಎಲ್ಲಾ ಕೊಂದ್ರ ಗಟ್ಟೀವೇ ಉಳಿತಾವ."

ಆ ನಾಲ್ಕು ಸಾಲು ಹುಳ ತಿಂದಿತು. ಉಳಿದದ್ದು ನನಗೆ ಸಿಕ್ಕಿತು. ಅಲ್ಲಿಂದ ಪ್ರತಿ ವರ್ಷ ಹಾಗೇ. ಜಗದೇವಪ್ಪ ಇವತ್ತಿಗೂ "ಬೀಗರು ಆರಾಮ ಅದಾರೇನು?" ಎಂದು ಕೇಳುತ್ತಾನೆ.

ಹೋದ ಮಳೆಗಾಲದಲ್ಲಿ ಶಿವಕಾಂತಾ ಫೋನು ಮಾಡಿ ಅತ್ತಳು. ಚಂದಪ್ಪನಿಗೆ ಹಿಂದೊಮ್ಮೆ ಕ್ಷಯ ಬಂದಿತ್ತಂತೆ. ಕೆಮ್ಮು ನಿಂತ ಕೂಡಲೇ ಗುಳಿಗೆ ಬಿಟ್ಟು ಮತ್ತೆ ಪಂಪು ಹೊತ್ತಿದ್ದನಂತೆ. ಈಗ ತಿರುಗಿ ಬಂದಿದೆ, ಮೊದಲಿನ ಗುಳಿಗೆ ನಾಟುತ್ತಿಲ್ಲ. ಕಲಬುರಗಿಯ ಆಸ್ಪತ್ರೆಗೆ ಹೋದೆ. ಹಾಸಿಗೆಯಲ್ಲಿ ಒಂದು ಹಿಡಿಯಾಗಿದ್ದ.

"ಊರಿಗೆಲ್ಲ ಬುದ್ಧಿ ಹೇಳಿ, ನನ್ನ ಎದ್ಯಾಗೇ ಗಟ್ಟೀವ್ನ ಸಾಕೀನಿ ನೋಡು ಯಕ್ಕಾ. ಮೆತ್ತನ್ವು ಸತ್ವು, ನಾ ಗುಳಿಗಿ ಬಿಟ್ಟೆ," ಎಂದು ನಕ್ಕ. ನಗು ಕೆಮ್ಮಾಯಿತು.

ಥರ್ಮಾಸಿನ ಚಹಾ ಬಗ್ಗಿಸಿ ಕೊಟ್ಟೆ. ಸಕ್ಕರೆ ಅವನಿಗೆ ಬೇಕಾದಷ್ಟೇ ಹಾಕಿದ್ದೆ. ಎರಡು ಗುಟುಕು ಕುಡಿದು ಕೈ ಹಿಡಿದುಕೊಂಡ. ಮಗಳ ಮದುವೆಯ ಮಾತು ಎತ್ತುತ್ತಾನೆ ಎಂದುಕೊಂಡೆ.

"ಈ ಸಲ ಎಣ್ಣಿ ಹೊಡ್ಯಾಕ ಯಾರೋ ಹೊಸಬ ಬರ್ತಾನ. ಪೂರಾ ಹೊಡಿತೀನಿ ಅಂತಾನ. ನೀ ಹೊಲದಾಗೇ ನಿಂದ್ರು. ಬೇವಿನ ಕಡಿ ನಾಕು ಸಾಲು ಬಿಡಸ್ತಿಯಲ್ಲ, ಯಕ್ಕಾ?"