ಎರಡು ಗಲೀನಿಗಳು

ಥೆಸಲೋನಿಕಿಯ ನಮ್ಮ ಕಚೇರಿಯಲ್ಲಿ ಇವಾಂಥಿಯಾಳ ಮೇಜು ನನ್ನ ಮೇಜಿನ ಪಕ್ಕದ್ದು. ದ್ವೀಪಗಳ ಕೋಣೆಗಳನ್ನೂ ಹಡಗಿನ ಟಿಕೆಟ್ಟುಗಳನ್ನೂ ಆನ್‌ಲೈನಿನಲ್ಲಿ ಮಾರುವುದು ನಮ್ಮ ವ್ಯಾಪಾರ. ಕೋಣೆ ಕೊಡುವ ಮನೆಯವರೊಂದಿಗೆ ಫೋನಿನಲ್ಲಿ ಮಾತಾಡುವುದು ಅವಳ ಕೆಲಸ. ಯಾರಿಗೆ ಮಂಡಿನೋವು, ಯಾರ ಮಗಳು ಗಂಡನ ಮೇಲೆ ಮುನಿಸಿಕೊಂಡು ಬಂದಿದ್ದಾಳೆ, ಯಾರ ಬಾವಿಯ ನೀರು ಉಪ್ಪಾಗಿದೆ, ಎಲ್ಲ ಅವಳಿಗೆ ಗೊತ್ತು. ಅವರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡಿರಲಿಲ್ಲ.

ಇಕಾರಿಯಾ ದ್ವೀಪದ ಸ್ಟಮಾತಿಸ್ ಅಂದರೆ ಅವಳಿಗೆ ವಿಶೇಷ ಅಕ್ಕರೆ. ಮೊದಲು ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದವನು. ಈಗ ಮೂರು ಕೋಣೆಯ ಮನೆ, ಹೆಸರು ‘ಗಲೀನಿ’. ನೆಮ್ಮದಿ ಅಂತ ಅರ್ಥ ಬರುವ ಈ ಹೆಸರಿನ ಒಂದಾದರೂ ಮನೆಯಿಲ್ಲದ ದ್ವೀಪವೇ ನಮ್ಮಲ್ಲಿಲ್ಲ. ಒಮ್ಮೆ ಹಡಗಿನವರ ಮುಷ್ಕರವಾಗಿ ಜನ ಅಲ್ಲಿಯ ಬಂದರಿನಲ್ಲಿ ಸಿಕ್ಕಿಬಿದ್ದಾಗ ಇವಾಂಥಿಯಾ ಫೋನ್ ಮಾಡಿದ್ದೇ ತಡ, ಅವನು ತನ್ನ ಮಂಚವನ್ನೂ ಅವರಿಗೆ ಬಿಟ್ಟುಕೊಟ್ಟು ತಾನು ತಾರಸಿಯಲ್ಲಿ ಮಲಗಿದ್ದ. ಎಲ್ಲರಿಗೂ ಹುರುಳಿಕಾಯಿ ಸಾರು ಮಾಡಿ ಬಡಿಸಿದ್ದ.

ಆ ವಸಂತದಲ್ಲಿ ಕಂಪನಿಯವರು ಇಆರ್‌ಪಿ ಎಂಬ ತಂತ್ರಾಂಶ ತಂದರು. ಬುಕಿಂಗು, ಲೆಕ್ಕಪತ್ರ, ಸಂಬಳ, ನಮ್ಮ ರಜೆ, ಎಲ್ಲ ಒಂದೇ ವ್ಯವಸ್ಥೆಯೊಳಗೆ. ಹಳೆಯ ಕಡತಗಳನ್ನು ಅದಕ್ಕೆ ತುಂಬಿಸಲು ಅಥೆನ್ಸಿನಿಂದ ಫೋಕಿಯಾನ್ ಎಂಬ ತಜ್ಞ ಬಂದ. ಒಂದೇ ಮನೆ ಎರಡೆರಡು ಸಲ ಇದ್ದರೆ ಒಂದು ಮಾಡುವ ಕೆಲಸ ಇವಾಂಥಿಯಾಳ ಪಾಲಿಗೆ ಬಂತು. ತೆರೆಯ ಮೇಲೆ ಹೆಸರು ಮಾತ್ರ ಕಾಣುತ್ತಿತ್ತು, ದ್ವೀಪ ಕಾಣುತ್ತಿರಲಿಲ್ಲ. ‘ಗಲೀನಿ, ಗಲೀನಿ. ಒಂದು ಮಾಡಲೇ?’ ಅಂತ ಅದು ಕೇಳಿತು. ನಡುವೆ ಫೋನು ಹೊಡೆದುಕೊಳ್ಳುತ್ತಿತ್ತು. ಅವಳು ಹೌದು ಒತ್ತಿದಳು.

ಇನ್ನೊಂದು ಗಲೀನಿ ಲೆಮ್ನೋಸ್ ದ್ವೀಪದ ದೊಡ್ಡ ಹೋಟೆಲು. ಬೇಸಿಗೆ ಪೂರ್ತಿ ಅಲ್ಲಿ ಜಾಗವಿರುವುದಿಲ್ಲ. ಅದು ತುಂಬಿದಾಗಲೆಲ್ಲ ನಮ್ಮ ಜಾಲತಾಣದಲ್ಲಿ ಸ್ಟಮಾತಿಸನ ಮನೆಯೂ ತುಂಬಿತು ಅಂತ ತೋರತೊಡಗಿತು.

ಜೂನ್ ಕೊನೆಗೆ ಅವನ ಫೋನು ಬಂತು. “ಏನಮ್ಮಾ, ಜನ ಊರು ಸುತ್ತೋದು ಬಿಟ್ಬಿಟ್ರಾ?”

“ನಿಮ್ಮನೆ ತುಂಬಿದೆ ಅಂತಿದೆಯಲ್ಲ ಇಲ್ಲಿ!”

“ತುಂಬಿದ್ಯಾ? ಇರೋನು ನಾನೊಬ್ಬ, ಮತ್ತೆ ಬೆಕ್ಕು. ಅಷ್ಟಕ್ಕೇ ತುಂಬ್ಹೋಯ್ತಾ?”

ಅವಳು ಹುಡುಕಿ ನೋಡಿದಳು. ಆಮೇಲೆ ಫೋನು ಕೆಳಗಿಟ್ಟಳು. “ನಾನೇ ಕಣೇ ಒತ್ತಿದ್ದು,” ಅಂದಳು ನನಗೆ.

ಅವಳು ಹೋಗಿ ಹೇಳಿದಾಗ ಫೋಕಿಯಾನ್ ಸಿಡುಕಲಿಲ್ಲ. “ಜೋಡಿಸೋದು ಸುಲಭ, ಬಿಡಿಸೋದು ಕಷ್ಟ. ಈಗ ಮುಟ್ಟಿದ್ರೆ ಲೆಮ್ನೋಸಿಗೆ ಹೊರಟಿರೋರ ಬುಕಿಂಗೆಲ್ಲ ಅಲ್ಲಾಡ್ತವೆ. ಸೀಸನ್ ಮುಗೀಲಿ, ಮಾಡ್ಕೊಡ್ತೀನಿ.”

ನಮ್ಮ ಮುಖ್ಯಸ್ಥೆ ಥಿಯಾನೋ ಹೇಳಿದ್ದೂ ಅದನ್ನೇ. “ನನ್ನ ಸ್ವಂತ ತಮ್ಮನ ಮನೆ ಆಗಿದ್ರೂ ಇದೇ ಮಾತು ಹೇಳ್ತಿದ್ದೆ.”

ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಇವಾಂಥಿಯಾ ಯಾರಿಗೂ ಹೇಳದೆ ‘ಸ್ಟಮಾತಿಸನ ಮನೆ’ ಅಂತ ಹೊಸ ಹೆಸರು ಸೇರಿಸಿದಳು. ಮರುದಿನ ಬಂದು ನೋಡಿದರೆ ಫೋನ್ ನಂಬರ್ ಗುರುತು ಹಿಡಿದು ವ್ಯವಸ್ಥೆಯೇ ಅದನ್ನೂ ಗಲೀನಿಗೆ ಸೇರಿಸಿಬಿಟ್ಟಿತ್ತು. ಕೇಳಿದ ಗಿರಾಕಿಗಳಿಗಾದರೂ ಬಾಯಲ್ಲಿ ಹೇಳೋಣವೆಂದರೆ ಅವರ ಕರೆಗಳು ಈಗ ಅವಳ ಮೇಜಿಗೆ ಬರುತ್ತಿರಲಿಲ್ಲ. ಮೊದಲೇ ಮುದ್ರಿಸಿಟ್ಟ ಹೆಂಗಸಿನ ಧ್ವನಿಯೊಂದು ಉತ್ತರಿಸುತ್ತಿತ್ತು.

ಆಗಸ್ಟಿನಲ್ಲಿ ಅವಳು ರಜೆ ಹಾಕಿ ಇಕಾರಿಯಾಕ್ಕೆ ಹೊರಟಳು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು.

ಹಡಗುಕಟ್ಟೆಯಲ್ಲಿ ಒಬ್ಬ ಗಿಡ್ಡ ಮನುಷ್ಯ ರಟ್ಟಿನ ಹಲಗೆ ಹಿಡಿದು ನಿಂತಿದ್ದ. “ಕೋಣೆ ಬೇಕಾ? ಸಮುದ್ರ ಕಾಣುತ್ತೆ!”

“ಬೇಕು,” ಅಂದಳು ಇವಾಂಥಿಯಾ.

ಹಲಗೆ ಕೆಳಗಿಳಿಯಿತು. ಅವನು ಅವಳ ಮುಖ ನೋಡುವ ಬದಲು ಕಿವಿ ಮುಂದೆ ಮಾಡಿದ. “ಇನ್ನೊಂದ್ಸಲ ಹೇಳು.”

“ಬೇಕು, ಸ್ಟಮಾತಿಸ್.”

“ಅಯ್ಯೋ ನಿನ್ನ! ಧ್ವನಿ ಕೇಳಿ ಎತ್ತರ ಇದೀಯ ಅನ್ಕೊಂಡಿದ್ದೆನಲ್ಲ!”

ಮಧ್ಯಾಹ್ನ ಮೇಕೆ ಮಾಂಸ ಬೇಯಿಸಿದ, ಮನೆಯ ವೈನು ಸುರಿದ. ಅವಳು ಊಟದ ನಡುವೆಯೇ ಎಲ್ಲ ಹೇಳಿದಳು, ತಾನು ಒತ್ತಿದ್ದನ್ನೂ. ಅವನು ಹೊಟ್ಟೆ ಹಿಡಿದು ನಕ್ಕ. “ಲೆಮ್ನೋಸಿನ ಅವನ್ಯಾರನ್ನೋ ನನಗೆ ಕಟ್ಟಿಬಿಟ್ಟೆಯಲ್ಲೇ! ವರದಕ್ಷಿಣೆ ಮಾತೂ ಆಡದೆ!” ನಗು ನಿಂತ ಮೇಲೆ ಕೇಳಿದ, “ಸರಿಹೋಗುತ್ತಾ?”

ಅವಳು ತಟ್ಟೆ ನೋಡಿದಳು. “ಸೀಸನ್ ಮುಗಿದ್ಮೇಲೆ ಅಂತಾರೆ.”

“ಸೀಸನ್ ಮುಗಿದ್ಮೇಲೆ.” ಅವನು ಬ್ರೆಡ್ಡಿನ ಚೂರುಗಳನ್ನು ಬೆರಳಲ್ಲಿ ಗುಡ್ಡೆ ಮಾಡಿದ. “ಆರೋಗ್ಯ ಕೇಂದ್ರದ ನರ್ಸು ಮೂರೂ ಕೋಣೆನ ವರ್ಷಪೂರ್ತಿ ಬಾಡಿಗೆಗೆ ಕೇಳ್ತಿದಾಳೆ. ಜನ ಬರ್ತಾರೆ ಇರಮ್ಮಾ ಅಂತ ತಳ್ಕೊಂಡು ಬಂದೆ. ಹೂಂ ಅಂದ್ಬಿಡ್ಲಾ?”

ಮನೆಯವರು ಏನೇ ಕೇಳಲಿ, ಇವಾಂಥಿಯಾಳ ಬಳಿ ಉತ್ತರವಿರುತ್ತಿತ್ತು. ಅವತ್ತು ನನ್ನ ಮುಖ ನೋಡಿದಳು.

“ಹೂಂ ಅನ್ನಿ,” ಅಂದಳು.

ಅಕ್ಟೋಬರಿನಲ್ಲಿ ಫೋಕಿಯಾನ್ ಮಾತಿನಂತೆ ಎರಡು ಗಲೀನಿಗಳನ್ನು ಬೇರೆ ಮಾಡಿಕೊಟ್ಟ. ಅವಳು ಸ್ಟಮಾತಿಸನಿಗೆ ಫೋನ್ ಮಾಡಿದಳು. ನರ್ಸು ಒಳ್ಳೆಯವಳಂತೆ. ಕೆಲಸ ಮುಗಿಸಿ ಬಂದರೆ ಕೋಣೆ ಸೇರಿಬಿಡುತ್ತಾಳಂತೆ. “ಸಾರು ಮಾಡಿದ್ರೆ ಬೇಡ ಅಂತಾಳೆ, ಡಯಟ್ಟಂತೆ,” ಅಂದನಂತೆ. ಆಮೇಲೆ, “ನನ್ನ ಹಾಗೆ ಇನ್ಯಾರನ್ನ ಯಾರಿಗೆ ಕಟ್ಟಿದೀಯೋ ಮಾರಾಯ್ತಿ!” ಅಂದನಂತೆ. ತಮಾಷೆಗೆ ಅಂದದ್ದು.

ಆ ಮಾತು ಅವಳ ಮನಸ್ಸಿಗೆ ಹತ್ತಿಕೊಂಡುಬಿಟ್ಟಿತು. ಆ ವಸಂತದಲ್ಲಿ ಅವಳು ಹೌದು ಒತ್ತಿದ್ದು ಒಂದೇ ಸಲವಲ್ಲ. ತಪ್ಪಿನಿಂದ ತುಂಬಿತೆಂದು ತೋರುವ ಮನೆಗೂ ನಿಜವಾಗಿ ತುಂಬಿದ ಮನೆಗೂ ತೆರೆಯ ಮೇಲೆ ವ್ಯತ್ಯಾಸವೇ ಇಲ್ಲ. ಹಾಗಾಗಿ ಈಗ ಊಟದ ಬಿಡುವಿನಲ್ಲಿ ಒಂದೊಂದೇ ಮನೆಗೆ ಫೋನ್ ಮಾಡುತ್ತಾಳೆ: “ಬೇಸಿಗೇಲಿ ನಿಮ್ಮಲ್ಲಿ ನಿಜವಾಗ್ಲೂ ಜನ ಇದ್ರಾ?” ಇದ್ದರು ಅಂದವರಿದ್ದಾರೆ, ಇರಲಿಲ್ಲ ಅಂದವರೂ ಇದ್ದಾರೆ. ಆದರೆ ಇದು ಚಳಿಗಾಲ. ಅರ್ಧಕ್ಕರ್ಧ ಮನೆಗಳಲ್ಲಿ ಫೋನು ಹೊಡೆದುಕೊಂಡು ನಿಲ್ಲುತ್ತದೆ. ಅವರು ಚಳಿಗೆ ಬೀಗ ಹಾಕಿದ್ದಾರೋ, ಇನ್ನು ತೆಗೆಯುವುದೇ ಇಲ್ಲವೋ, ಅವಳಿಗೆ ತಿಳಿಯುವುದು ಹೇಗೆ?