ಕಾಳು ಮುಟ್ಟದ ಹಕ್ಕಿ

ಹಸಿ ಮಣ್ಣಿನ ವಾಸನೆ ಎಲ್ಲರಿಗೂ ಹಿತವಂತೆ. ನನಗೆ ಮಾತ್ರ ಈಗಲೂ ಆ ವಾಸನೆಗೆ ಎದೆ ಝಲ್ಲೆನ್ನುತ್ತದೆ. ಶೇಡಬಾಳದ ಹತ್ತಿರದ ನಮ್ಮ ಹಳೆಯ ಮನೆ, ಬಚ್ಚಲ ಹಿಂದಿನ ರಾಡಿ, ಅದರಲ್ಲಿ ಬೆರಳಿಟ್ಟು ಕೂತ ಹತ್ತು ವರ್ಷದ ಹುಡುಗಿ ನಾನು, ಎಲ್ಲ ಕಣ್ಣೆದುರು ಬರುತ್ತದೆ.

ನಮ್ಮದು ಜೈನರ ಮನೆ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಬಾವಿಯ ನೀರನ್ನು ಸೋಸಿದ ಮೇಲೆ, ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳೂ ಉಳಿಯಲೆಂದು, ಅದನ್ನು ತೊಳೆದ ನೀರನ್ನು ಆಯಿ ಮೆಲ್ಲಗೆ ಅದೇ ಬಾವಿಗೆ ಇಳಿಸುತ್ತಿದ್ದಳು. ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಅಪ್ಪ ಕಬ್ಬಿನ ಗದ್ದೆಯ ಕಾಲುವೆಯಿಂದ ಒಂದು ಹಕ್ಕಿಯನ್ನು ಟಾವೆಲಿನಲ್ಲಿ ಸುತ್ತಿ ತಂದರು. ರೆಕ್ಕೆಗೆ ನೈಲಾನ್ ದಾರ ಸುತ್ತಿತ್ತು. ಕಂದು ಬೆನ್ನ ಮೇಲೆ ನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆ, ಕಣ್ಣಿನ ಮೇಲೊಂದು ಬಿಳಿ ಗೆರೆ, ಉದ್ದನೆಯ ಹಳದಿ ಕಾಲು. ಅಂಥದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. "ಹೊಲದಾಗಿನ ಹಕ್ಕಿ, ಕಾಳ ತಿಂತೈತಿ" ಎಂದು ಆಯಿ ತೀರ್ಮಾನ ಮಾಡಿದಳು. ದಾರ ಬಿಡಿಸಿ, ಬುಟ್ಟಿಯಡಿ ಇಟ್ಟು, ಜೋಳದ ನುಚ್ಚು ಹಾಕಿದೆವು. ನೆನೆಸಿದ ಹೆಸರುಕಾಳು ಹಾಕಿದೆವು. ಅದು ಮುಟ್ಟಲಿಲ್ಲ. ಮರುದಿನ ಮಧ್ಯಾಹ್ನಕ್ಕೆ ಅದರ ಕತ್ತು ವಾಲತೊಡಗಿತು. ಸಾವನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

ಕೃಷ್ಣೆಯಲ್ಲಿ ಮೀನು ಹಿಡಿಯುವ ಮಾರುತಿ ಕಾಕಾ ಅಂದು ಮಜ್ಜಿಗೆಗೆಂದು ಬಂದವರು ಬುಟ್ಟಿ ಎತ್ತಿ ನೋಡಿದರು. "ಇದರ ಚುಂಚ ನೋಡ್ರಿ ಆಯಿ. ಕಾಳ ಒಡಿಯೂ ಚುಂಚ ಅಲ್ರಿ ಇದು, ರಾಡ್ಯಾಗಿನ ಹುಳಾ ಹೆಕ್ಕೂದು. ಥಂಡ್ಯಾಗ ಎಲ್ಲಿಂದಲೋ ಬರ್ತಾವ, ಬ್ಯಾಸಗಿಗೆ ಹೊಳ್ಳಿ ಹೊಕ್ಕಾವ" ಎಂದರು. ಆಯಿ ಜಪಮಾಲೆ ಹಿಡಿದು ಗೋಡೆಗೆ ಒರಗಿದಳು. ಹುಳ ಕೊಂದರೂ ಪಾಪ, ಹಕ್ಕಿ ಸತ್ತರೂ ಪಾಪ. ಅತ್ತ ದರಿ, ಇತ್ತ ಪುಲಿ.

ನಾನು ಬಚ್ಚಲ ಹಿಂದೆ ಹೋದೆ. ಮೊದಲ ಎರೆಹುಳು ಬೆರಳಿಗೆ ಸುತ್ತಿಕೊಂಡಾಗ ಚೀರಬೇಕೆನಿಸಿತು. ಬಸದಿಯ ಗೋಡೆಯಲ್ಲಿ ಬರೆದಿದ್ದ ನರಕದ ಚಿತ್ರಗಳು ಒಂದೊಂದಾಗಿ ನೆನಪಾದವು. ಆದರೂ ಒಯ್ದು ಕೊಟ್ಟೆ. ಹಕ್ಕಿ ಕ್ಷಣದಲ್ಲಿ ನುಂಗಿತು. ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಾಗ ಆಯಿ ನನ್ನ ಕೈ ಹಿಡಿದು ನೋಡಿದಳು. ಸತ್ತೆ ಎಂದುಕೊಂಡೆ. ಅವಳು ಕಸಬರಿಗೆಯ ಕಡ್ಡಿ ಮುರಿದು, ಒಂದೊಂದೇ ಉಗುರಿನ ರಾಡಿ ತೆಗೆದು, ನೀರು ಹಾಕಿ ತೊಳೆದು, "ಉಣ್ಣ ಕೂಸ" ಎಂದಳು. ಅಷ್ಟೇ.

ಮರುದಿನ ಊಟಕ್ಕೆ ಅವಳ ತಾಟು ಹಲಗೆಯಿಂದ ಇಳಿಯಲಿಲ್ಲ. "ಇವತ್ತ ಅಷ್ಟಮಿನೂ ಅಲ್ಲ, ಚತುರ್ದಶಿನೂ ಅಲ್ಲ. ಯಾಕ ಬೇ ಆಯಿ?" ಎಂದೆ. "ಉಪವಾಸಕ್ಕ ತಿಥಿ ಯಾಕ ಬೇಕ?" ಎಂದಳು. ಆಗ ನನಗೆ ಅರ್ಥವಾಯಿತು. ನಾನು ಅಗೆದೆ, ಅವಳು ಉಣ್ಣಲಿಲ್ಲ. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಗೋಡೆ ಹಿಡಿದು ಬಾವಿಗೆ ನಡೆದಳು. ಹಕ್ಕಿಗೆ ಬಲ ಬರುತ್ತಿದ್ದಂತೆ ಆಯಿಯ ಬಲ ಇಳಿಯುತ್ತಿತ್ತು. ಹಕ್ಕಿ ಹಾರುವುದರೊಳಗೆ ಆಯಿ ಸತ್ತರೆ? ಆ ಹೆದರಿಕೆಯನ್ನು ಯಾರ ಮುಂದೆ ಹೇಳಲಿ? ಅತ್ತುಕೊಂಡೇ ಅಗೆದೆ.

ನಾಲ್ಕನೆಯ ಬೆಳಿಗ್ಗೆ ಆಯಿಯೇ ಬುಟ್ಟಿ ಎತ್ತಿದಳು. ಹಕ್ಕಿ ಅಂಗಳದಲ್ಲಿ ಎರಡು ಹೆಜ್ಜೆ ಓಡಿ, ಚಿಫ್ ಚಿಫ್ ಎಂದು ಕೂಗುತ್ತ ಹೊಳೆಯ ಕಡೆ ಹಾರಿತು. ಆಯಿ ಅದು ಮರೆಯಾಗುವ ತನಕ ನಿಂತು ನೋಡಿ, "ಇನ್ನ ತಾಟ ಹಾಕ" ಎಂದಳು.

ಅದು ಗದ್ದೆಗೊರವವೆಂದು ಬಹಳ ವರ್ಷಗಳ ಮೇಲೆ ಒಂದು ಚಿತ್ರಪುಸ್ತಕ ನೋಡಿ ತಿಳಿದೆ. ಹೇಳೋಣವೆಂದರೆ ಆಯಿ ಇರಲಿಲ್ಲ. ಈಗ ಆ ಮನೆಯೂ ಇಲ್ಲ, ಬಾವಿಗೆ ಮಣ್ಣು ತುಂಬಿದ್ದಾರೆ. ಚಳಿಗಾಲದಲ್ಲಿ ಯಡೂರಿನ ಹೊಳೆದಂಡೆಗೆ ಹೋದಾಗ ಗೊರವಗಳು ರಾಡಿಯಲ್ಲಿ ಚುಂಚು ಊರಿ ನಡೆಯುತ್ತಿರುತ್ತವೆ. ಕಣ್ಣಿನ ಮೇಲಿನ ಬಿಳಿ ಗೆರೆ ನೋಡಿ ಗುರುತು ಹಿಡಿಯುತ್ತೇನೆ. ಹುಳ ಅಗೆದವಳು ನಾನು ಎಂದು ಆಯಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ನನ್ನ ಪಾಲಿನ ಪಾಪವನ್ನು ಮೂರು ದಿನ ಹಸಿದು ತೀರಿಸಿಬಿಟ್ಟಿದ್ದಳು.